ಹಳೆ ಗೇಮ್ ಕ್ಯಾಸೆಟ್ ಊದಬೇಕಾ, ಬೇಡ್ವಾ?

ಪ್ರಶ್ನೆ: ಡೊಂಬಿವಲಿಯ ನಮ್ಮ ಮನೆಯ ಲಾಫ್ಟ್‌ನಲ್ಲಿ ಚಿಕ್ಕಂದಿನ ಟಿವಿ ಗೇಮ್ ಸಿಕ್ಕಿದೆ. ಕ್ಯಾಸೆಟ್ ಹಾಕಿದರೆ ಪರದೆ ತುಂಬ ಬರೀ ಗೆರೆ. ಆಗೆಲ್ಲ ಬಾಯಿಂದ ಊದಿದರೆ ಸರಿಹೋಗುತ್ತಿತ್ತು. ಈಗಲೂ ಊದಬಹುದಾ?

ಉತ್ತರ: ದಯವಿಟ್ಟು ಊದಬೇಡಿ.

ಊದಿದ ಮೇಲೆ ಗೇಮ್ ಶುರುವಾಗುತ್ತಿದ್ದದ್ದು ನಿಜ. ಆದರೆ ಕೆಲಸ ಮಾಡಿದ್ದು ಉಸಿರಲ್ಲ. ಊದೋಕೆ ಅಂತ ಕ್ಯಾಸೆಟ್ ತೆಗೆದು ಮತ್ತೆ ಹಾಕುತ್ತಿದ್ದೆವು ಅಲ್ವಾ, ಹಾಗೆ ಹಾಕುವಾಗ ಪಿನ್‌ಗಳು ಒಂದಕ್ಕೊಂದು ಉಜ್ಜಿಕೊಂಡು ಸರಿಯಾಗಿ ಕೂರುತ್ತಿದ್ದವು. ಊದಬೇಡಿ ಅಂತ ಇಂಥ ಗೇಮ್ ತಯಾರಿಸಿದ ಜಪಾನಿನ ನಿಂಟೆಂಡೋ ಕಂಪನಿಯೇ ಹೇಳಿದೆ.

ನಮ್ಮ ಮನೆಗಳಿಗೆ ಬಂದ ಟಿವಿ ಗೇಮ್‌ಗಳಲ್ಲಿ ಬಹಳಷ್ಟು, 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೋ ಫ್ಯಾಮಿಕಾಮ್‌ನ ನಕಲುಗಳು. ನಿಮ್ಮದೂ ಅದೇ ಜಾತಿಯದಾದರೆ, ಕ್ಯಾಸೆಟ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ಯಂತ್ರದ ಪಿನ್‌ಗಳು ತಾಗುವ ಸಣ್ಣ ಪಟ್ಟಿಗಳಿಗೆ ಆಚೆ 30, ಈಚೆ 30 ಜಾಗ. ತಾಮ್ರದ ಮೇಲೆ ತೆಳು ಲೇಪ. ಉಸಿರಿನ ತೇವ, ಎಂಜಲು ಅಲ್ಲಿ ಕೂತರೆ ನಿಧಾನಕ್ಕೆ ಕಿಲುಬು ಹಿಡಿಯುತ್ತದೆ, ಅಜ್ಜಿಯ ತಾಮ್ರದ ಚೊಂಬಿಗೆ ಹಿಡಿದ ಹಾಗೆ. ಬೇಕಾದ ಒಂದು ಪಟ್ಟಿ ತಾಗದಿದ್ದರೂ ಸಾಕು, ಪರದೆ ಕೆಟ್ಟುಹೋಗುತ್ತದೆ.

ಚೋರ್ ಬಜಾರಿನಲ್ಲಿ ಕೊಂಡ ಒಂದು ಕ್ಯಾಸೆಟ್ ನನ್ನ ಹತ್ತಿರ ಇದೆ. ಮೊದಲ ಸಲ ಒರೆಸಿದಾಗ ಇಯರ್‌ಬಡ್‌ನ ಬಿಳಿ ಹತ್ತಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆರನೆಯ ಬಡ್ ಬಿಳಿಯಾಗಿಯೇ ಹೊರಬಂತು. ಅವತ್ತು ರಾತ್ರಿ ಗೇಮ್ ಓಡಿತು. ಆ ಸಂಗೀತ ಕೇಳಿ ನನಗೆ ಕಣ್ಣು ತುಂಬಿ ಬಂತು.

ನೀವೂ ಅಷ್ಟೇ ಮಾಡಿ. ಮುಂಬೈನ ಲ್ಯಾಮಿಂಗ್ಟನ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ. 99 ಪರ್ಸೆಂಟಿನದು ಒಳ್ಳೆಯದು. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು, ಬಡ್ ಅದ್ದಿ ಪಟ್ಟಿಯ ಉದ್ದಕ್ಕೆ ಒರೆಸಿ. ಪೂರ್ತಿ ಒಣಗಿದ ಮೇಲೇ ಹಾಕಿ. ಸ್ಯಾನಿಟೈಸರ್ ಜೆಲ್ ಬೇಡ, ಅಂಟು ಉಳಿಯುತ್ತದೆ. ಕಿಲುಬು ಅಂತ ಹುಣಸೆಹಣ್ಣು ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಹುಳಿ ಉಳಿದರೆ ಪಟ್ಟಿಯನ್ನೇ ತಿನ್ನುತ್ತದೆ. ಜಾಸ್ತಿ ಕಲೆ ಇದ್ದರೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಒಂದೆರಡು ಸಲ ಉಜ್ಜಿ, ಅಷ್ಟೇ. ಗಟ್ಟಿಯಾಗಿ ಉಜ್ಜಿದರೆ ಲೇಪವೇ ಹೋಗುತ್ತದೆ.

ಅಡಾಪ್ಟರ್ ಕಳೆದಿದ್ದರೆ ಮನೆಯಲ್ಲಿರೋದನ್ನ ಸುಮ್ನೆ ಚುಚ್ಚಬೇಡಿ. ಫ್ಯಾಮಿಕಾಮ್‌ಗೆ ನಡುವಿನ ಪಿನ್ ಮೈನಸ್. ಈಗಿನ ರೂಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಪ್ಲಸ್. ಯಂತ್ರದ ಅಡಿಯಲ್ಲಿ ಬರೆದಿರುವ ವೋಲ್ಟ್, ಪ್ಲಸ್-ಮೈನಸ್ ಗುರುತು ಎರಡೂ ಹೊಂದಬೇಕು.

ಮತ್ತೆ ಲಾಫ್ಟ್‌ಗೆ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಗಳೇ ಬೆವರುತ್ತವೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಹರಳಿನದು ತಂದರೆ ಸುಲಭ. ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ.