ಮಟನ್ ಕರಿಯಲ್ಲಿ ಅಡಗಿದ ಸುಳಿವು: ಬ್ರಿಟಿಷ್ ಪತ್ತೇದಾರಿ ಕಥೆಯನ್ನು ಓದುವ ಬಗೆ

ಬ್ರಿಟಿಷ್ ಪತ್ತೇದಾರಿ ಕಥೆಗಳ ಆಕರ್ಷಣೆಯ ಬಗ್ಗೆ ಬರೆಯಿರಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಹೋಮ್ಸ್‌ನ ಪೈಪು, ಮಂಜು ಕವಿದ ಲಂಡನ್, ಹಳ್ಳಿಯ ದೊಡ್ಡ ಬಂಗಲೆ ಇಷ್ಟನ್ನು ಬರೆದು ಮುಗಿಸುತ್ತೇವೆ. ಅಪರಾಧಿ ಯಾರೆಂದು ಗೊತ್ತಾದ ಮೇಲೂ ಜನ ಈ ಕಥೆಗಳನ್ನು ಮತ್ತೆ ಮತ್ತೆ ಓದುವುದೇಕೆ ಎಂಬುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಬರವಣಿಗೆಯ ಕಸುಬಿನಲ್ಲಿ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಸುಳಿವು ಹೊತ್ತ ವಾಕ್ಯ ಎರಡು ಕೆಲಸ ಮಾಡುತ್ತದೆ: ಮೊದಲ ಓದಿಗೆ ಒಂದು, ಎರಡನೆಯ ಓದಿಗೆ ಇನ್ನೊಂದು.

ಇದನ್ನು ಕಲಿಯಲು, ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರ 'ಸಿಲ್ವರ್ ಬ್ಲೇಜ್' ಸಾಕು. 1892ರ ಡಿಸೆಂಬರ್‌ನಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಬಂದ ಸಣ್ಣ ಕಥೆ. ಓದಿಲ್ಲದವರು ಮೊದಲು ಓದಿ ಬನ್ನಿ, ಒಂದು ಗಂಟೆ ಹಿಡಿಯುತ್ತದೆ. ಇಲ್ಲಿ ಗುಟ್ಟೆಲ್ಲ ಬಿಚ್ಚಿಡಲೇಬೇಕಾಗಿದೆ.

ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಒಂದು ಲಾಯದಿಂದ ರೇಸ್ ಕುದುರೆ ರಾತ್ರೋರಾತ್ರಿ ಕಾಣೆಯಾಗಿದೆ. ಅದರ ತರಬೇತುದಾರ ಸ್ಟ್ರೇಕರ್ ತಲೆ ಒಡೆದು ಬಯಲಲ್ಲಿ ಸತ್ತು ಬಿದ್ದಿದ್ದಾನೆ. ಲಾಯ ಕಾಯುತ್ತಿದ್ದ ಹುಡುಗ ಹಂಟರ್‌ಗೆ ಯಾರೋ ಅಫೀಮು ತಿನ್ನಿಸಿದ್ದಾರೆ. ಆ ಸಂಜೆ ಸಿಂಪ್ಸನ್ ಎಂಬ ಲಂಡನ್ನಿನ ಬಾಜಿಗಾರ ಲಾಯದ ಕಿಟಕಿಯ ಹತ್ತಿರ ಸುಳಿದಾಡಿದ್ದ, ಹಾಗಾಗಿ ಪೊಲೀಸರು ಅವನನ್ನೇ ಹಿಡಿದಿದ್ದಾರೆ.

ಈಗ ಆ ರಾತ್ರಿಯ ಊಟ ನೋಡಿ. ಕೆಲಸದ ಹುಡುಗಿ ಹಂಟರ್‌ಗೆ ಮಟನ್ ಕರಿ ತೆಗೆದುಕೊಂಡು ಹೋದಳು ಎಂದು ಕಥೆ ಆರಂಭದಲ್ಲೇ ಹೇಳಿಬಿಡುತ್ತದೆ. ಮೊದಲ ಓದಿಗೆ ಅದು ಬರೀ ಊಟ. ಸಿಂಪ್ಸನ್ ಕಿಟಕಿಯಿಂದ ಅದಕ್ಕೆ ಪುಡಿ ಉದುರಿಸಿರಬಹುದು, ಅಷ್ಟೇ. ಆದರೆ ಅಫೀಮಿನ ಪುಡಿಗೆ ತನ್ನದೇ ರುಚಿಯಿದೆ. ಸಪ್ಪೆ ಇಂಗ್ಲಿಷ್ ಅಡುಗೆಯಲ್ಲಿ ಬೆರೆಸಿದರೆ ತಿನ್ನುವವನು ಮೊದಲ ತುತ್ತಿಗೇ ಕೈ ಬಿಡುತ್ತಾನೆ. ಮಸಾಲೆಯ ಕರಿಯಲ್ಲಿ ಮಾತ್ರ ಅದು ಮುಚ್ಚಿಹೋಗುತ್ತದೆ. ಅಫೀಮು ಹಾಕಬೇಕಾದ ರಾತ್ರಿಯೇ ಆ ಮನೆಯಲ್ಲಿ ಕರಿ ಮಾಡುವಂತೆ ನೋಡಿಕೊಳ್ಳಲು ಹೊರಗಿನ ಸಿಂಪ್ಸನ್‌ಗೆ ಸಾಧ್ಯವೇ? ಊಟಕ್ಕೆ ಏನು ಮಾಡಬೇಕೆಂದು ಹೇಳಬಲ್ಲವರು ಆ ಮನೆಯ ಯಜಮಾನ, ಯಜಮಾನಿ ಇಬ್ಬರೇ. ಮನೆಯವರೆಲ್ಲ ಅದೇ ಕರಿ ತಿಂದೂ ಅವರಿಗೆ ಏನೂ ಆಗಲಿಲ್ಲ ಎಂಬ ಮಾತನ್ನು ಹೋಮ್ಸ್ ಮೊದಲೇ ಹೇಳಿರುತ್ತಾನೆ. ಅಂದರೆ ಅಫೀಮು ಬಿದ್ದದ್ದು ಹಂಟರ್‌ಗೆ ತೆಗೆದಿಟ್ಟ ತಟ್ಟೆಗೆ ಮಾತ್ರ. ಹೀಗೆ ಅನುಮಾನ ಸ್ಟ್ರೇಕರ್‌ನ ಮನೆಯೊಳಗೇ ಬಂದು ನಿಲ್ಲುತ್ತದೆ. ಮಸಾಲೆಯ ಮರ್ಮ ಬಲ್ಲ ನಮ್ಮ ಕಡೆಯ ಓದುಗರಿಗೆ ಈ ಸುಳಿವು ಬೇಗ ದಕ್ಕಬೇಕು. ಆದರೂ ಅಡುಗೆಯನ್ನು ಯಾರೂ ಸುಳಿವೆಂದು ಓದುವುದಿಲ್ಲವಾದ್ದರಿಂದ ನಾವೂ ಅದನ್ನು ದಾಟಿಕೊಂಡು ಹೋಗುತ್ತೇವೆ.

ನಾಯಿಯ ಸುಳಿವು ಎಲ್ಲರಿಗೂ ಗೊತ್ತು: ಆ ರಾತ್ರಿ ನಾಯಿ ಬೊಗಳಲಿಲ್ಲ. ಆದರೆ ಅದನ್ನು ಕಟ್ಟಿದ ರೀತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಂಜೆ ಸಿಂಪ್ಸನ್ ಬಂದಾಗ ಹಂಟರ್ ಅವನ ಮೇಲೆ ಛೂ ಬಿಡಲು ನಾಯಿಯನ್ನು ಬಿಚ್ಚುತ್ತಾನೆ. ಲಾಯದಲ್ಲಿ ನಾಯಿಯಿದೆ, ಹೊರಗಿನವರ ಮೇಲೆ ಅದು ಏರಿ ಹೋಗುತ್ತದೆ ಎಂದು ಡಾಯ್ಲ್ ಗದ್ದಲದ ನಡುವೆ ನಮ್ಮ ತಲೆಗೆ ಹಾಕಿಬಿಟ್ಟಿದ್ದಾರೆ. ಮಧ್ಯರಾತ್ರಿ ಯಾರೋ ಬಂದು ಕುದುರೆ ಬಿಚ್ಚಿಕೊಂಡು ಹೋದರೂ ಅಟ್ಟದ ಮೇಲೆ ಮಲಗಿದ್ದ ಇಬ್ಬರು ಹುಡುಗರಿಗೆ ಎಚ್ಚರವಾಗಲಿಲ್ಲ. ಬಂದವನು ನಾಯಿಗೆ ಚೆನ್ನಾಗಿ ಗೊತ್ತಿದ್ದವನು. ನಡೆಯದ ಸಂಗತಿ ಸುಳಿವಾಗಬೇಕಾದರೆ, ಅದು ನಡೆಯಲೇಬೇಕಿತ್ತು ಎಂಬ ನಿರೀಕ್ಷೆಯನ್ನು ಮೊದಲೇ ಬಿತ್ತಿರಬೇಕು. ಎಷ್ಟೋ ಅನುಕರಣೆಗಳು ಸೋಲುವುದು ಇಲ್ಲಿಯೇ.

ಇನ್ನು ಕುಂಟುವ ಮೂರು ಕುರಿಗಳು, ಸತ್ತವನ ಕೈಯಲ್ಲಿದ್ದ ಸಣ್ಣ ಚಾಕು, ಜೇಬಿನಲ್ಲಿದ್ದ ಹೆಣ್ಣುಡುಪಿನ ದುಬಾರಿ ಬಿಲ್ಲು. ಅದು ಕಣ್ಣಿನ ಪೊರೆ ತೆಗೆಯುವ ಚಾಕು ಎಂದು ಹೋಮ್ಸ್‌ನ ಗೆಳೆಯ, ಡಾಕ್ಟರ್ ಆದ ವಾಟ್ಸನ್ ನಮ್ಮೆದುರೇ ಗುರುತಿಸುತ್ತಾನೆ. ಬೇರೊಂದು ಹೆಣ್ಣಿನ ಖರ್ಚಿಗೆ ಹಣ ಬೇಕಾಗಿದ್ದ ಸ್ಟ್ರೇಕರ್, ಕುದುರೆಯ ಕಾಲಿನ ಸ್ನಾಯುರಜ್ಜುವನ್ನು ಗಾಯ ಕಾಣದಂತೆ ಕೊಯ್ದು ಅದನ್ನು ಕುಂಟಿಸಲು ಹೊರಟಿದ್ದ. ಕುರಿಗಳ ಮೇಲೆ ಕೈ ಪಳಗಿಸಿಕೊಂಡಿದ್ದ. ಬೆದರಿದ ಕುದುರೆ ಒದ್ದು ಅವನನ್ನು ಕೊಂದಿತು.

ಇಲ್ಲಿ ಒಂದು ಎಚ್ಚರಿಕೆ. 'ಎಲ್ಲ ಸುಳಿವುಗಳೂ ಓದುಗನ ಮುಂದಿವೆ' ಎಂದು ಡಾಯ್ಲ್ ಬಗ್ಗೆ ಸಾರಾಸಗಟಾಗಿ ಬರೆಯಬೇಡಿ. ಸ್ಟ್ರೇಕರ್‌ನ ಫೋಟೋ ಹಿಡಿದು ಹೋಮ್ಸ್ ಲಂಡನ್ನಿನ ಅಂಗಡಿಯಲ್ಲಿ ವಿಚಾರಿಸಿದ್ದು ನಮಗೆ ತಿಳಿಯುವುದು ಕೊನೆಯಲ್ಲಿ. ಓದುಗನಿಗೂ ಪತ್ತೇದಾರನಿಗೂ ಸಮಾನ ಅವಕಾಶ ಇರಬೇಕೆಂಬ ಕಟ್ಟುಪಾಡು ಗಟ್ಟಿಯಾದದ್ದು ಎರಡು ಮಹಾಯುದ್ಧಗಳ ನಡುವೆ. ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ಇಂಥ ಕಥೆ ಬರೆಯುವವರಿಗಾಗಿ ತಮ್ಮ ಹತ್ತು ನಿಯಮಗಳನ್ನು 1929ರಲ್ಲಿ ಪ್ರಕಟಿಸಿದರು. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರ ಡಿಟೆಕ್ಷನ್ ಕ್ಲಬ್ ಹುಟ್ಟಿತು, ಮೊದಲ ಅಧ್ಯಕ್ಷರು ಲೇಖಕ ಚೆಸ್ಟರ್ಟನ್. ಗೊತ್ತಿಲ್ಲದ ವಿಷ ಬೇಡ, ದೈವಸಹಾಯ ಬೇಡ, ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗನಿಗೂ ಸಿಗಬೇಕು ಎಂಬುವು ನಾಕ್ಸ್ ನಿಯಮಗಳಲ್ಲಿ ಮುಖ್ಯವಾದವು.

ಅಪರಾಧಿಯ ಮನಸ್ಸಿನೊಳಗೆ ಓದುಗನನ್ನು ಮೊದಲೇ ಬಿಟ್ಟಿರಬಾರದು ಎಂದೂ ನಾಕ್ಸ್ ಹೇಳುತ್ತಾರೆ. ಅದಕ್ಕೆ ಮೂರು ವರ್ಷ ಮೊದಲೇ, 1926ರಲ್ಲಿ, ಅಗಾಥಾ ಕ್ರಿಸ್ಟಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'ನಲ್ಲಿ ಕಥೆ ಹೇಳುವ ಡಾಕ್ಟರನನ್ನೇ ಕೊಲೆಗಾರನನ್ನಾಗಿ ಮಾಡಿದ್ದರು. ಮೋಸ ಎಂದು ಕೂಗಿದವರಿದ್ದರು. ನನ್ನ ಮಟ್ಟಿಗೆ ಅದು ಮೋಸವಲ್ಲ. ಕಾಗದ ಒಳಗೆ ಬಂದದ್ದು ಎಂಟೂ ನಲವತ್ತಕ್ಕೆ, ತಾನು ಆಕ್ರಾಯ್ಡ್‌ನ ಕೋಣೆಯಿಂದ ಹೊರಟದ್ದು ಎಂಟೂ ಐವತ್ತಕ್ಕೆ ಎಂದು ಡಾಕ್ಟರ್ ಬರೆಯುತ್ತಾನೆ. ಮೊದಲ ಓದಿಗೆ ಅದು ಅಚ್ಚುಕಟ್ಟಾದ ಮನುಷ್ಯನೊಬ್ಬನ ಸಮಯಪ್ರಜ್ಞೆ. ಎರಡನೆಯ ಓದಿಗೆ ಆ ಹತ್ತು ನಿಮಿಷ ಖಾಲಿ ಬಿದ್ದಿರುವುದು ಕಾಣುತ್ತದೆ. ಅವನು ಒಂದೂ ಸುಳ್ಳು ಹೇಳಿಲ್ಲ, ನಡುವೆ ನಡೆದ ಕೊಲೆಯನ್ನು ಬರೆದಿಲ್ಲ.

ಅಭ್ಯಾಸಕ್ಕೆ ಹೀಗೆ ಮಾಡಿ. 'ಸಿಲ್ವರ್ ಬ್ಲೇಜ್' ಅನ್ನು ನಾಯಿಯ ಮಾತು ಬರುವವರೆಗೆ ಓದಿ ನಿಲ್ಲಿಸಿ. ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ನಡೆದದ್ದೇನು, ಅದನ್ನು ಹೇಳಿದವರು ಯಾರು, ನಡೆಯಬೇಕಿದ್ದೂ ನಡೆಯದ್ದೇನು. ಮೂರನೆಯದನ್ನು ತುಂಬುವುದು ಕಷ್ಟ, ಅದಕ್ಕೇ ಹೆಚ್ಚು ಹೊತ್ತು ಕೊಡಿ. ಕಥೆ ಮುಗಿಸಿದ ಮೇಲೆ ಮೊದಲಿಂದ ಓದುತ್ತಾ, ಎರಡು ಕೆಲಸ ಮಾಡಿದ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ರೇಸಿನ ನಿಯಮಗಳ ವಿಷಯದಲ್ಲಿ ಈ ಕಥೆ ಎಡವಿದೆ. ಡಾಯ್ಲ್ ಅವರೇ 1924ರ ಆತ್ಮಕಥೆಯಲ್ಲಿ ಅದನ್ನು ಒಪ್ಪಿಕೊಂಡಿದ್ದಾರೆ. ನೀವು ಗೆರೆ ಎಳೆದ ಒಂದು ವಾಕ್ಯವಾದರೂ ಆ ತಪ್ಪಿನಿಂದ ಬೀಳುತ್ತದೆಯೇ ಎಂದು ಆಗ ಪರೀಕ್ಷಿಸಿ ನೋಡಿ.