ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ: ಮಾತು ಕೊಟ್ಟವರು ಯಾರು ಅಂತ ನೋಡಿ

ಬೈಬಲಿನ ಹಳೆ, ಹೊಸ ಒಡಂಬಡಿಕೆಗಳ ವಿಷಯ ಓದುವಾಗ ಮೊದಲೇ ಒಂದು ಗಂಟು ಬಿಡಿಸಿಕೊಳ್ಳೋಣ. ಹಳೆ ಒಡಂಬಡಿಕೆ ಅಂದ ಕೂಡಲೇ ನಮಗೆ ನೆನಪಾಗುವುದು ಆದಿಕಾಂಡದಿಂದ ಮಲಾಕಿಯವರೆಗಿನ ಪುಸ್ತಕಗಳು. ಆದರೆ ಒಡಂಬಡಿಕೆ ಅಂದರೆ ದೇವರು ಮನುಷ್ಯರ ಜೊತೆ ಮಾಡುವ ಒಪ್ಪಂದ, ಆ ಪುಸ್ತಕಗಳ ಒಳಗಿರುವುದು ಅಂಥದ್ದು ಒಂದೇ ಅಲ್ಲ. ನೋಹನ ಜೊತೆ ಒಂದು, ಅಬ್ರಹಾಮನ ಜೊತೆ ಒಂದು, ಸಿನಾಯಿ ಬೆಟ್ಟದಲ್ಲಿ ಇಡೀ ಇಸ್ರಾಯೇಲಿನ ಜೊತೆ ಒಂದು, ದಾವೀದನ ಜೊತೆ ಇನ್ನೊಂದು. ಹೊಸ ಒಡಂಬಡಿಕೆಯ ಪುಸ್ತಕಗಳಲ್ಲೊಂದಾದ ಇಬ್ರಿಯರಿಗೆ ಬರೆದ ಪತ್ರಿಕೆ, ಮೊದಲ ಒಡಂಬಡಿಕೆ ಹಳೆಯದಾಯಿತು ಎನ್ನುವಾಗ ಇವೆಲ್ಲವನ್ನೂ ಒಟ್ಟಿಗೆ ಬದಿಗಿಡುತ್ತಿಲ್ಲ. ಅದು ಮಾತಾಡುತ್ತಿರುವುದು ಸಿನಾಯಿಯದರ ಬಗ್ಗೆ. ಇಷ್ಟು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ.

ಉಳಿದರ್ಧಕ್ಕೆ ನನ್ನ ಸಲಹೆ: ಪ್ರತಿ ಒಡಂಬಡಿಕೆಯಲ್ಲೂ ಮಾತು ಕೊಟ್ಟವರು ಯಾರು ಅಂತ ನೋಡಿ.

ಆದಿಕಾಂಡ 15 ತೆಗೆಯಿರಿ. ಅಬ್ರಾಮ (ಅಬ್ರಹಾಮನ ಮೊದಲ ಹೆಸರು) ಮೂರು ವರ್ಷದ ಕಡಸು, ಆಡು, ಟಗರುಗಳನ್ನು ತಂದು, ಎರಡು ಹೋಳು ಮಾಡಿ, ಎದುರುಬದುರಾಗಿ ಇಡುತ್ತಾನೆ. ಹದ್ದುಗಳು ಎರಗಿದಾಗ ಓಡಿಸುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಹೀಗೆ ಹಾದುಹೋಗುವುದು ಯಾಕೆ ಅಂತ ಯೆರೆಮೀಯ 34:18 ನೋಡಿದರೆ ತಿಳಿಯುತ್ತದೆ: ಮಾತು ತಪ್ಪಿದರೆ ಈ ಕರುವಿಗೆ ಆದ ಗತಿ ನನಗೂ ಆಗಲಿ ಅನ್ನುವ ಆಣೆ ಅದು. ಇಲ್ಲಿ ಅಬ್ರಾಮ ಹೋಳುಗಳ ನಡುವೆ ನಡೆಯುವುದೇ ಇಲ್ಲ. ಆಣೆಯ ಪೂರ್ತಿ ಭಾರವನ್ನು ದೇವರು ತನ್ನ ಮೇಲೆ ಹಾಕಿಕೊಳ್ಳುತ್ತಾನೆ.

ಈಗ ವಿಮೋಚನಕಾಂಡ 24. ಮೋಶೆ ಬಲಿಯ ರಕ್ತದಲ್ಲಿ ಅರ್ಧವನ್ನು ಬೋಗುಣಿಗಳಲ್ಲಿ ಇಟ್ಟುಕೊಂಡು ಇನ್ನರ್ಧವನ್ನು ಯಜ್ಞವೇದಿಗೆ ಎರಚುತ್ತಾನೆ. ಒಡಂಬಡಿಕೆಯ ಗ್ರಂಥವನ್ನು ಗಟ್ಟಿಯಾಗಿ ಓದುತ್ತಾನೆ. ಯೆಹೋವನು ಹೇಳಿದ್ದನ್ನೆಲ್ಲ ಮಾಡುತ್ತೇವೆ ಅಂತ ಜನ ಒಪ್ಪುತ್ತಾರೆ. ಆಮೇಲೇ ಉಳಿದ ರಕ್ತ ಅವರ ಮೇಲೆ ಬೀಳುತ್ತದೆ. ಈ ಸಲ ಮಾತು ಕೊಟ್ಟವರು ಜನ. ಮೋಶೆ 40 ದಿನ ಬೆಟ್ಟದ ಮೇಲೆ ಇದ್ದು ಇಳಿದು ಬರುವಷ್ಟರಲ್ಲಿ ಕೆಳಗೆ ಚಿನ್ನದ ಬಸವ ನಿಂತಿತ್ತು.

ಹಾಗಂತ ಅಬ್ರಹಾಮನದು ಬರೀ ಕೃಪೆ, ಸಿನಾಯಿಯದು ಬರೀ ಕಟ್ಟಳೆ ಅಂತ ಗೆರೆ ಎಳೆದುಬಿಡಬೇಡಿ. ಹತ್ತು ಆಜ್ಞೆಗಳು ಶುರುವಾಗುವ ಮುಂಚೆಯೇ 'ನಿನ್ನನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿದವನು ನಾನು' ಎನ್ನುವ ಮಾತಿದೆ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆ ಕಡೆ ಅಬ್ರಹಾಮನಿಗೂ ಆದಿಕಾಂಡ 17ರಲ್ಲಿ ಸುನ್ನತಿಯ ಕಟ್ಟಳೆ ಬಂತು. ಎರಡರಲ್ಲೂ ಎರಡೂ ಇವೆ, ಆದರೆ ಭಾರ ಬೀಳುವ ಜಾಗ ಬೇರೆ.

ಗಲಾತ್ಯದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ವಾದ ಕಟ್ಟುವುದು ಇದೇ ವ್ಯತ್ಯಾಸದ ಮೇಲೆ. ವಾಗ್ದಾನ ಆಗಿ 430 ವರ್ಷ ಆದ ಮೇಲೆ ಬಂದ ಧರ್ಮಶಾಸ್ತ್ರ (ಸಿನಾಯಿಯಲ್ಲಿ ಮೋಶೆಯ ಮೂಲಕ ಕೊಟ್ಟ ಕಟ್ಟಳೆಗಳು), ಆ ವಾಗ್ದಾನವನ್ನು ರದ್ದು ಮಾಡಲಾರದು ಅನ್ನುತ್ತಾನೆ. ಹಾಗಾದರೆ ಧರ್ಮಶಾಸ್ತ್ರ ಯಾಕೆ ಬಂತು? ಮನೆಯ ಮಗು ದೊಡ್ಡದಾಗುವ ತನಕ ಅದನ್ನು ಕಾಯುತ್ತಾ ತಿದ್ದುತ್ತಾ ಇರುವ ಆಳಿನ ಹಾಗೆ, ಕ್ರಿಸ್ತನು ಬರುವವರೆಗೆ. ಅಂದರೆ ಸಿನಾಯಿಯ ಏರ್ಪಾಡಿಗೆ ಒಂದು ಅವಧಿ ಇತ್ತು. ಅಬ್ರಹಾಮನ ವಾಗ್ದಾನಕ್ಕೆ ಅಂಥ ಅವಧಿ ಇಲ್ಲ.

ಇನ್ನು ಯೆರೆಮೀಯ 31:31-34. ಹೊಸ ಒಡಂಬಡಿಕೆ ಅನ್ನುವ ಮಾತು ಹೀಬ್ರೂ ಬೈಬಲಿನಲ್ಲಿ ಬರುವುದು ಇಲ್ಲಿ ಮಾತ್ರ. ಯೆರೂಸಲೇಮ್ ಬಾಬಿಲೋನಿನವರ ಕೈಗೆ ಬಿದ್ದದ್ದು ಕ್ರಿ.ಪೂ. 586ರ ಸುಮಾರಿಗೆ, ಯೆರೆಮೀಯ ಆ ಕಾಲದವನು. ಕೊಟ್ಟ ಮಾತು ಮುರಿದದ್ದಕ್ಕೆ ಊರೇ ಉರಿಯುವ ಹೊತ್ತಿನಲ್ಲಿ ಅವನು ಹೊಸದರ ಮಾತಾಡುತ್ತಾನೆ. ಇದು ಐಗುಪ್ತದಿಂದ ಕರೆತಂದಾಗ ಮಾಡಿದ ಒಡಂಬಡಿಕೆಯಂಥದ್ದಲ್ಲ ಅಂತ ಬಿಡಿಸಿ ಹೇಳುತ್ತಾನೆ. ಹೊಸದರಲ್ಲಿ ಧರ್ಮಶಾಸ್ತ್ರವನ್ನು ಎಸೆಯುವ ಮಾತು ಇಲ್ಲ, ಗಮನಿಸಿ. ಕಲ್ಲಿನ ಮೇಲೆ ಇದ್ದದ್ದು ಹೃದಯದ ಮೇಲೆ ಬರೆಯಲ್ಪಡುತ್ತದೆ ಅಷ್ಟೇ. ಇಡೀ ಭಾಗದಲ್ಲಿ ಬರೆಯುತ್ತೇನೆ, ಕ್ಷಮಿಸುತ್ತೇನೆ ಅಂತ ಹೇಳುವವನು ದೇವರೊಬ್ಬನೇ. ಜನರ ಕಡೆಯಿಂದ 'ಮಾಡುತ್ತೇವೆ' ಅನ್ನುವ ಒಂದು ಮಾತೂ ಇಲ್ಲ!

ಇಬ್ರಿಯರಿಗೆ 8ನೇ ಅಧ್ಯಾಯ ಈ ಭಾಗವನ್ನು ಹಾಗೇ ಎತ್ತಿಕೊಳ್ಳುತ್ತದೆ, ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಇಷ್ಟು ಉದ್ದದ ಉಲ್ಲೇಖ ಬೇರೊಂದಿಲ್ಲ. ಅಲ್ಲಿ 8ನೇ ವಚನದಲ್ಲಿ ದೇವರು ತಪ್ಪು ಹಿಡಿಯುವುದು ಜನರಲ್ಲಿ. 10ನೇ ಅಧ್ಯಾಯದಲ್ಲಿ ಇನ್ನೊಂದು ಜೋಡಿ ಇದೆ, ಅದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ: 3ನೇ ವಚನದಲ್ಲಿ ಬಲಿಗಳು ವರ್ಷ ವರ್ಷವೂ ಪಾಪಗಳನ್ನು ನೆನಪಿಗೆ ತರುತ್ತವೆ, 17ನೇ ವಚನದಲ್ಲಿ ದೇವರು ಅವರ ಪಾಪಗಳನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲ. ನೆನಪಿಸುವ ಏರ್ಪಾಡು ಒಂದು, ಮರೆಯುವ ಏರ್ಪಾಡು ಇನ್ನೊಂದು. ನನಗೆ ಇಡೀ ಪತ್ರಿಕೆಯಲ್ಲಿ ತುಂಬಾ ಹಿಡಿಸುವ ಜಾಗ ಇದು.

ಈಗ ಯೇಸುವಿನ ಕಡೇ ರಾತ್ರಿಯ ಊಟಕ್ಕೆ ಬನ್ನಿ. ಮತ್ತಾಯ 26:28ರ 'ಒಡಂಬಡಿಕೆಯ ರಕ್ತ' ನೇರವಾಗಿ ಮೋಶೆ ಸಿನಾಯಿಯಲ್ಲಿ ಆಡಿದ ಮಾತು. ಲೂಕ 22:20ರಲ್ಲಿ ಅದು 'ಹೊಸ ಒಡಂಬಡಿಕೆ', ಅಂದರೆ ಯೆರೆಮೀಯನ ಮಾತು. ಆದರೆ ಇಲ್ಲಿ ಶಿಷ್ಯರಿಂದ ಮೊದಲು ಪ್ರತಿಜ್ಞೆ ಮಾಡಿಸಲಿಲ್ಲ, ಪಾತ್ರೆ ಕೊಟ್ಟ, ಅವರು ಕುಡಿದರು. ಪ್ರತಿಜ್ಞೆ ಬರುವುದು ಮತ್ತಾಯದಲ್ಲಿ ಆಮೇಲೆ: ಸಾಯಬೇಕಾಗಿ ಬಂದರೂ ನಿನ್ನನ್ನು ಅರಿಯೆನೆಂದು ಹೇಳುವುದಿಲ್ಲ ಅಂತ ಪೇತ್ರ ಅಂದ, ಉಳಿದವರೂ ಹಾಗೇ ಅಂದರು. ಆ ಮಾತು ಬೆಳಗಿನವರೆಗೂ ಉಳಿಯಲಿಲ್ಲ, ಸಿನಾಯಿಯ ಮಾತು ಉಳಿಯದ ಹಾಗೆಯೇ. ಹೊಸ ಒಡಂಬಡಿಕೆ ಮಾತ್ರ ಬೀಳಲಿಲ್ಲ, ಯಾಕಂದರೆ ಅದು ಅವರ ಮಾತಿನ ಮೇಲೆ ನಿಂತಿರಲಿಲ್ಲ.

ಇತಿಹಾಸದ ಕಡೆ ಬೇಗ ಕಣ್ಣಾಡಿಸೋಣ. ಮಾರ್ಸಿಯನ್ ಎಂಬವನು ಹಳೆಯ ಗ್ರಂಥಗಳನ್ನು ಪೂರ್ತಿ ಬಿಟ್ಟು, ಲೂಕನ ಸುವಾರ್ತೆಯನ್ನೂ ಪೌಲನ ಪತ್ರಿಕೆಗಳನ್ನೂ ಕತ್ತರಿಸಿ ಇಟ್ಟುಕೊಂಡ. ಕ್ರಿ.ಶ. 144ರ ಸುಮಾರಿಗೆ ರೋಮಿನ ಕ್ರೈಸ್ತ ಸಭೆ ಅವನನ್ನು ಹೊರಹಾಕಿತು. ಇದಕ್ಕೂ ಮೊದಲೇ, ಅನ್ಯಜನರಿಗೆ (ಯೆಹೂದ್ಯರಲ್ಲದವರಿಗೆ) ಸುನ್ನತಿ ಆಗಲೇಬೇಕು ಅಂದವರಿಗೆ ಅಪೊಸ್ತಲರ ಕೃತ್ಯಗಳು 15ರ ಸಭೆ ಒಪ್ಪಿರಲಿಲ್ಲ. ಪೂರ್ತಿ ಬಿಡುವುದೂ ಸಲ್ಲದು, ಪೂರ್ತಿ ಹೊರಿಸುವುದೂ ಸಲ್ಲದು.

ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದೇ ಮುಂದಿನ ಪಂಥಗಳ ಚರ್ಚೆ. 1640ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬರೆದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ ಪ್ರಕಾರ ಕೃಪೆಯ ಒಡಂಬಡಿಕೆ ಒಂದೇ, ನಡೆಸಿದ ರೀತಿ ಮಾತ್ರ ಬೇರೆ ಬೇರೆ. ಅಬ್ರಹಾಮನಿಂದ ಕ್ರಿಸ್ತನವರೆಗಿನ ಎಳೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಆದರೆ ಯೆರೆಮೀಯನ 'ಅಂಥದ್ದಲ್ಲ' ಎನ್ನುವ ಮಾತಿನ ಚೂಪು ಸ್ವಲ್ಪ ಮೊಂಡಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. 1909ರ ಸ್ಕೋಫೀಲ್ಡ್ ಬೈಬಲಿನಿಂದ ಹೆಸರಾದ ಯುಗವಿಭಾಗದ ಪಂಥ (ದೇವರು ಬೇರೆ ಬೇರೆ ಯುಗಗಳಲ್ಲಿ ಬೇರೆ ಬೇರೆ ರೀತಿ ನಡೆಸುತ್ತಾನೆ ಅನ್ನುವವರು) ಇಸ್ರಾಯೇಲನ್ನೂ ಸಭೆಯನ್ನೂ ಬೇರೆಬೇರೆ ಇಡುತ್ತದೆ. ಯೆರೆಮೀಯ ಮಾತಾಡಿದ್ದು ಇಸ್ರಾಯೇಲ್ ಮತ್ತು ಯೆಹೂದ ಮನೆತನದ ಬಗ್ಗೆ ಅಂತ ಅವರು ನೆನಪಿಸುವುದು ಸರಿಯೇ, ಆದರೆ ಅದೇ ಪಾತ್ರೆಯನ್ನು ಪೌಲ ಕೊರಿಂಥದ ಅನ್ಯಜನರ ಕೈಗೂ ಕೊಟ್ಟ, ಅಲ್ವಾ?

ಧರ್ಮಶಾಸ್ತ್ರವನ್ನು ನೈತಿಕ, ಆಚರಣೆಯ, ನ್ಯಾಯದ ಅಂತ ಮೂರು ಪಾಲು ಮಾಡುವುದೂ ಪಾಠಗಳಲ್ಲಿ ಬರುತ್ತದೆ. ಕಲಿಯಲು ಅನುಕೂಲ. ಆದರೆ ಯಾಜಕಕಾಂಡ 19:18 ನೆರೆಯವನನ್ನು ಪ್ರೀತಿಸು ಅನ್ನುತ್ತದೆ, ಮುಂದಿನ ವಚನವೇ ಎರಡು ಬಗೆಯ ನೂಲಿನ ಬಟ್ಟೆ ಉಡಬೇಡ ಅನ್ನುತ್ತದೆ. ಮೋಶೆ ನಡುವೆ ಗೆರೆ ಹಾಕಿಲ್ಲ.

ಕೊನೆಗೆ ದೀಕ್ಷಾಸ್ನಾನದ (ನೀರಿನಿಂದ ಸಭೆಗೆ ಸೇರಿಸುವ ಸಂಸ್ಕಾರದ) ಜಗಳ. ಶಿಶುಗಳಿಗೆ ಕೊಡಬೇಕು ಅನ್ನುವವರು ಅಬ್ರಹಾಮನ ಮಕ್ಕಳ ಸುನ್ನತಿಯನ್ನು ತೋರಿಸುತ್ತಾರೆ. 1689ರ ಲಂಡನ್ ಪ್ರಮಾಣವನ್ನು ಹಿಡಿದ ಬ್ಯಾಪ್ಟಿಸ್ಟರು ಯೆರೆಮೀಯನನ್ನು ತೋರಿಸುತ್ತಾರೆ: ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರೂ ದೇವರನ್ನು ಅರಿಯುವರು, ಹಾಗಾಗಿ ಅರಿತು ನಂಬಿದವರಿಗೆ ಮಾತ್ರ. ನಾನು ಇಲ್ಲಿ ಇಬ್ರಿಯರಿಗೆ 5:12 ಓದಿ ಅನ್ನುತ್ತೇನೆ. ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಎನ್ನುವ ಯೆರೆಮೀಯನ ಮಾತನ್ನು ಎತ್ತಿ ಹೇಳುವ ಅದೇ ಪತ್ರಿಕೆ, ನಿಮಗೆ ಮೊದಲ ಪಾಠಗಳನ್ನೇ ಮತ್ತೆ ಕಲಿಸಬೇಕಾಗಿದೆ ಅಂತ ಓದುಗರನ್ನು ಗದರಿಸುತ್ತದೆ. ಅಂದರೆ ವಾಗ್ದಾನ ನೆರವೇರಲು ಶುರುವಾಗಿದೆ, ಇನ್ನೂ ಪೂರ್ತಿ ಆಗಿಲ್ಲ. ಎರಡೂ ಕಡೆಯವರ ವಾದ ಓದುವಾಗ, ಅವರು ಈ ವಚನವನ್ನು ಏನು ಮಾಡುತ್ತಾರೆ ಅಂತ ಹುಡುಕಿ.