ಎಣಿಕೆ ಮಾದರಿ ಫಿಟ್ ಆಗದಿದ್ದಾಗ ಎಲ್ಲಿ ನೋಡಬೇಕು?

ಪಾಯ್ಸಾನ್ ರಿಗ್ರೆಷನ್ (ಎಣಿಕೆಗಳಿಗೆ ಹೊಂದಿಸುವ ಸಂಖ್ಯಾಶಾಸ್ತ್ರದ ಮಾದರಿ) ಓಡಿಸಿದಾಗ ಫಿಟ್ ಆಗಲಿಲ್ಲವೆಂಬ ಕೆಂಪಕ್ಷರದ ಎಚ್ಚರಿಕೆ ಬಂದರೆ ಹೆಚ್ಚಿನವರ ಕೈ ನೇರ ಇಟರೇಶನ್ ಮಿತಿಗೆ, ಅಂದರೆ ಲೆಕ್ಕವನ್ನು ಗರಿಷ್ಠ ಎಷ್ಟು ಸುತ್ತು ತಿದ್ದಬೇಕೆಂಬ ಸಂಖ್ಯೆಗೆ, ಹೋಗುತ್ತದೆ. ಆರ್ ಎಂಬ ಸಾಫ್ಟ್‌ವೇರ್‌ನ ಜಿಎಲ್‌ಎಂ ಫಂಕ್ಷನ್‌ನಲ್ಲಿ ನಾವು ಬದಲಿಸದಿದ್ದರೆ ಅದು 25. ಅದನ್ನು 500ಕ್ಕೆ ಏರಿಸಿದರೂ ಸಾಮಾನ್ಯವಾಗಿ ಏನೂ ಸರಿಹೋಗದು, ಏಕೆಂದರೆ ತೊಡಕು ಇರುವುದು ದತ್ತಾಂಶದಲ್ಲಿ. ಹಾಗಾಗಿ ನಾನು ಮೊದಲು ಮಾಡುವ ಕೆಲಸ, ಪ್ರತಿ ಗುಂಪಿನ ಎಣಿಕೆಗಳ ಮೊತ್ತ ಹಾಕಿ ನೋಡುವುದು.

ಯಾಕೆಂದು ನೋಡೋಣ. ಮೂರು ಯಂತ್ರಗಳ ದಿನವಾರು ದೋಷಗಳ ಎಣಿಕೆ ಇದೆ ಅನ್ನಿ. ಮೂರನೆಯದರಲ್ಲಿ 25 ದಿನವೂ ಸೊನ್ನೆ. ಈ ಮಾದರಿ ಅಂದಾಜಿಸುವುದು ಸರಾಸರಿಯ ಲಾಗನ್ನು (ಇದೇ ಲಾಗ್ ಲಿಂಕ್), ಹಾಗಾಗಿ ಸರಾಸರಿ ಸೊನ್ನೆಯಾಗಬೇಕಾದರೆ ಲೀನಿಯರ್ ಪ್ರಿಡಿಕ್ಟರ್, ಅಂದರೆ ಗುಣಾಂಕಗಳಿಂದ ಕೂಡಿಬರುವ ಆ ಲಾಗ್ ಬೆಲೆ, ಋಣ ಅನಂತಕ್ಕೆ ಇಳಿಯಬೇಕು. ಪ್ರತಿ ಸುತ್ತಿನಲ್ಲೂ ಅದರ ಹಳೆಯ ಬೆಲೆಗೆ (ಎಣಿಕೆ − ಸರಾಸರಿ) ÷ ಸರಾಸರಿ ಸೇರುತ್ತದೆ. ಎಣಿಕೆ ಸೊನ್ನೆಯಾದಾಗ ಇದು ಯಾವಾಗಲೂ −1. ಅಂದರೆ ಸುತ್ತಿಗೊಂದು ಮೆಟ್ಟಿಲು ಕೆಳಗೆ, ತಳವೇ ಇಲ್ಲ! ಡೀವಿಯನ್ಸ್ (ಮಾದರಿ ದತ್ತಾಂಶದಿಂದ ಎಷ್ಟು ದೂರವಿದೆ ಎಂಬ ಅಳತೆ) ಬದಲಾಗುವುದು ತೀರಾ ಕಡಿಮೆಯಾದಾಗ ಸಾಫ್ಟ್‌ವೇರ್ ನಿಲ್ಲುತ್ತದೆ, ಅಷ್ಟೆ. −20ರಲ್ಲಿ ನಿಂತಿತು ಅಂದುಕೊಳ್ಳಿ: ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) 1 ÷ √(25 × ಇ^−20), ಸುಮಾರು 4,400; ಇಲ್ಲಿ ಇ ಎಂದರೆ ಸುಮಾರು 2.718. ಪಿ-ಬೆಲೆ ಹೆಚ್ಚುಕಡಿಮೆ 1, ಅಂದರೆ ವ್ಯತ್ಯಾಸಕ್ಕೆ ಪುರಾವೆಯೇ ಇಲ್ಲವೆಂಬಂತೆ.

ಇಲ್ಲೇ ಎಡವುವುದು. ಉಳಿದೆರಡಕ್ಕಿಂತ ಎದ್ದುಕಾಣುವಷ್ಟು ಬೇರೆಯಾದ ಯಂತ್ರವನ್ನೇ "ವ್ಯತ್ಯಾಸವಿಲ್ಲ" ಎಂದು ಬರೆದುಬಿಡುತ್ತೇವೆ. ಇಂಥ ಕಡೆ ವಾಲ್ಡ್ ಪರೀಕ್ಷೆಯನ್ನು (ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ ನೋಡುವುದು) ನಂಬಬೇಡಿ, ಲೈಕ್ಲಿಹುಡ್ ರೇಶಿಯೋ ಪರೀಕ್ಷೆ (ಗುಂಪು ಇರುವ ಮತ್ತು ಇಲ್ಲದ ಎರಡು ಮಾದರಿಗಳನ್ನು ಹೋಲಿಸುವುದು) ಮಾಡಿ. ಗುಣಾಂಕವೂ ಬೇಕಿದ್ದರೆ ಡೇವಿಡ್ ಫರ್ತ್ 1993ರಲ್ಲಿ ಕೊಟ್ಟ ಬಯಾಸ್ (ಅಂದಾಜು ಒಂದೇ ಕಡೆಗೆ ವಾಲುವುದು) ತಗ್ಗಿಸುವ ವಿಧಾನ ಸೀಮಿತ ಬೆಲೆಯನ್ನೇ ಕೊಡುತ್ತದೆ. ಆ ಗುಂಪನ್ನೇ ಕಿತ್ತುಹಾಕುವುದು ನನ್ನ ಮಟ್ಟಿಗೆ ತಪ್ಪು, ಸೊನ್ನೆಯೂ ಮಾಹಿತಿಯೇ.

ಫಿಟ್ ಆಗದಿರಲು ಎರಡನೆಯ ಕಾರಣ ಅಳತೆಯ ಮಾನ. ಕಂಪ್ಯೂಟರ್ ಸಾಮಾನ್ಯವಾಗಿ ಸಂಖ್ಯೆ ಇಡುವ ಡಬಲ್ ಪ್ರಿಸಿಷನ್ ರೂಪದಲ್ಲಿ ಇ^709 ಹಿಡಿಸುತ್ತದೆ, ಇ^710 ಇನ್ಫಿನಿಟಿ. ದೂರವನ್ನು ಮೀಟರಿನಲ್ಲಿ 80,000 ಎಂದು ಕೊಟ್ಟು ಗುಣಾಂಕ ಒಂದು ಸುತ್ತಿನಲ್ಲಿ 0.01 ಆದರೆ ಸಾಕು, ಘಾತ 800 ಆಯಿತು. ಕಿಲೋಮೀಟರಿಗೆ ಇಳಿಸಿ. ಇಸವಿಯನ್ನೂ ಅದರ ವರ್ಗವನ್ನೂ ಒಟ್ಟಿಗೆ ಹಾಕುವವರು ಮೊದಲು ಇಸವಿಯಿಂದ ಸರಾಸರಿ ಕಳೆಯಿರಿ. ಇಲ್ಲದಿದ್ದರೆ ಎರಡೂ ಕಾಲಂ ಅವಳಿಗಳಂತೆ ಕಂಡು ಮ್ಯಾಟ್ರಿಕ್ಸ್ ಸಿಂಗ್ಯುಲರ್ (ಎರಡರ ಪರಿಣಾಮವನ್ನು ಬೇರ್ಪಡಿಸಲಾಗದು) ಎಂಬ ದೂರು ಬರಬಹುದು.

ಮೂರನೆಯ ಕಾರಣ ಆಫ್‌ಸೆಟ್, ಅಂದರೆ ಎಣಿಕೆ ನಡೆದ ಅವಧಿಯ ಲಾಗನ್ನು ಗುಣಾಂಕವಿಲ್ಲದೆ ಸೇರಿಸುವುದು. ಇದರಲ್ಲಿ ಒಂದೇ ಒಂದು ಸೊನ್ನೆ ಅವಧಿಯಿದ್ದರೂ ಅದರ ಲಾಗ್ ಋಣ ಅನಂತ. ಲಾಗ್ ತೆಗೆಯುವುದನ್ನೇ ಮರೆತಿದ್ದರೆ 1,000 ಗಂಟೆ ನೇರ ಘಾತಕ್ಕೆ ಹೋಗುತ್ತದೆ.

ಪಾಯ್ಸಾನ್‌ಗಿಂತ ಹೆಚ್ಚು ಚದುರಿದ ಎಣಿಕೆಗಳಿಗೆ ಬಳಸುವ ನೆಗೆಟಿವ್ ಬೈನಾಮಿಯಲ್ ಮಾದರಿಯಲ್ಲಿ "ಇಟರೇಶನ್ ಮಿತಿ ಮುಟ್ಟಿತು" ಎಂದು ಬಂದು ಥೀಟಾ (ದೊಡ್ಡದಾದಷ್ಟೂ ಕಡಿಮೆ ಚದುರುವಿಕೆ ಎಂದು ಹೇಳುವ ಸಂಖ್ಯೆ) ಸಾವಿರಗಟ್ಟಲೆ ಏರಿದ್ದರೆ ದತ್ತಾಂಶದಲ್ಲಿ ಹೆಚ್ಚುವರಿ ಚದುರುವಿಕೆಯೇ ಇಲ್ಲದಿರಬಹುದು. ಪಾಯ್ಸಾನ್ ಫಿಟ್‌ನ ಪಿಯರ್ಸನ್ ಕೈ-ವರ್ಗವನ್ನು (ಪ್ರತಿ (ಎಣಿಕೆ − ಸರಾಸರಿ)² ÷ ಸರಾಸರಿಯ ಮೊತ್ತ) ಉಳಿಕೆ ಡಿಗ್ರೀಸ್ ಆಫ್ ಫ್ರೀಡಮ್‌ನಿಂದ (ಸಾಲುಗಳ ಸಂಖ್ಯೆಯಲ್ಲಿ ಗುಣಾಂಕಗಳ ಸಂಖ್ಯೆ ಕಳೆದು ಬರುವುದು) ಭಾಗಿಸಿ. 1ರ ಆಸುಪಾಸಿದ್ದರೆ ಪಾಯ್ಸಾನೇ ಸಾಕು. ಸ್ಟಾಟಾ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಇದೇ ಸಂಗತಿ ತಲೆಕೆಳಗಾಗಿ ಕಾಣುತ್ತದೆ: ಅಲ್ಲಿನ ಆಲ್ಫಾ ಥೀಟಾದ ವ್ಯುತ್ಕ್ರಮವಾದ್ದರಿಂದ ಸೊನ್ನೆಯತ್ತ ಜಾರುತ್ತದೆ.